ಕೈಯ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಯಾವ ಕೋಡ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯವಳು. ಅಮೆರಿಕದ ಆಸ್ಪತ್ರೆಗಳ ಕಡತ ಓದಿ ಕಾಯಿಲೆಗಳಿಗೆ ಕೋಡ್ ಹಾಕುವುದು ನನ್ನ ಕೆಲಸ. ಬಿಡುವಿದ್ದಾಗ ಹೊಸಬರಿಗೆ ಕಲಿಸುತ್ತೇನೆ. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದಕ್ಕೆ ಚುಟುಕಾಗಿ ಡಿವಿಟಿ ಎನ್ನುತ್ತಾರೆ. ಕಾಲಿನ ಡಿವಿಟಿಗೆ ಕೋಡ್ ಹಾಕಲು ಎಲ್ಲರೂ ಬೇಗ ಕಲಿಯುತ್ತಾರೆ. ಕೈಯ ಡಿವಿಟಿ ಬಂದಾಗ ತಡವರಿಸುತ್ತಾರೆ. ತರಗತಿಯಲ್ಲಿ, ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಫೋನ್ ಮೆಸೇಜಿನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವು ಪ್ರಶ್ನೆಗಳು ಕೋಡರ್‌ಗಳದ್ದಲ್ಲ, ರೋಗಿಗಳ ಮನೆಯವರದ್ದು. ಅವನ್ನೂ ಬಿಟ್ಟಿಲ್ಲ.

ಓದುವ ಮೊದಲು ಒಂದು ಮಾತು. ಕೋಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ‘ಐ82’ ಅಂದರೆ ಇಂಗ್ಲಿಷಿನ ಐ ಅಕ್ಷರ, ಆಮೇಲೆ 82. ಆ ಐ ಅನ್ನು ಒಂದು ಎಂದು ಓದಬೇಡಿ.

## ಮೊದಲಿನಿಂದ

ಡಿವಿಟಿ ಅಂದ್ರೆ ಕಾಲಿಗೆ ಬರುವುದಲ್ವಾ? ಕೈಯಲ್ಲೂ ಬರ್ತದಾ?

ಬರುತ್ತದೆ. ಕಾಲಿನಲ್ಲೇ ಜಾಸ್ತಿ, ಆದರೆ ಒಟ್ಟು ಡಿವಿಟಿಯಲ್ಲಿ ಸುಮಾರು ಶೇಕಡ 4ರಿಂದ 10ರಷ್ಟು ಕೈಯದ್ದು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಕೈಯಿಂದ ಹೃದಯದ ಕಡೆಗೆ ರಕ್ತ ಒಯ್ಯುವ ಆಳದ ನಾಳದಲ್ಲಿ ರಕ್ತ ಗಟ್ಟಿಯಾಗಿ ಕೂರುತ್ತದೆ. ಕೈ ಊದುತ್ತದೆ, ಭಾರ ಅನಿಸುತ್ತದೆ, ನೋಯುತ್ತದೆ, ಕೆಲವರಿಗೆ ಚರ್ಮ ನೀಲಿಗಟ್ಟುತ್ತದೆ. ಎದೆ ಮತ್ತು ಹೆಗಲಿನ ಮೇಲೆ ನಾಳಗಳು ಉಬ್ಬಿ ಕಾಣುವುದೂ ಉಂಟು.

ಕಾರಣಗಳಲ್ಲಿ ಮುಖ್ಯವಾದದ್ದು ಕೈಯಿಂದ ಅಥವಾ ಕುತ್ತಿಗೆಯಿಂದ ಒಳಗೆ ಹಾಕಿದ ನಳಿಗೆ. ಪಿಕ್ ಲೈನ್ (ಔಷಧ ಕೊಡಲು ಕೈಯ ನಾಳದಿಂದ ಹೃದಯದ ಹತ್ತಿರದವರೆಗೆ ತೂರಿಸುವ ಉದ್ದದ ನಳಿಗೆ), ಕೀಮೋ ಪೋರ್ಟ್ (ಕ್ಯಾನ್ಸರ್ ಔಷಧ ಕೊಡಲು ಚರ್ಮದಡಿ ಕೂರಿಸುವ ಸಾಧನ), ಪೇಸ್‌ಮೇಕರ್ ತಂತಿ ಎಲ್ಲ ಇದರಲ್ಲಿ ಬರುತ್ತವೆ. ಕ್ಯಾನ್ಸರ್ ಇನ್ನೊಂದು ಕಾರಣ. ಯಾವ ಕಾಯಿಲೆಯೂ ಇಲ್ಲದ ಗಟ್ಟಿ ಯುವಕರಿಗೆ ಬರುವ ಒಂದು ಬಗೆಯೂ ಇದೆ. ಅದನ್ನು ಕೆಳಗೆ ಹೇಳುತ್ತೇನೆ.

ಕೈ ದಿಢೀರನೆ ಊದಿ, ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಆಸ್ಪತ್ರೆಗೆ ಓಡಬೇಕು. ಹೆಪ್ಪಿನ ತುಂಡು ಶ್ವಾಸಕೋಶಕ್ಕೆ ಹೋಗಿರಬಹುದು.

ಕೋಡ್ ಯಾಕೆ ಬೇಕು? ಡಾಕ್ಟರು ಕಾಯಿಲೆಯ ಹೆಸರು ಬರೆದಿರ್ತಾರಲ್ಲ?

ಒಬ್ಬ ಡಾಕ್ಟರು ‘ಬಲ ರಟ್ಟೆಯಲ್ಲಿ ಹೆಪ್ಪು’ ಎನ್ನುತ್ತಾರೆ. ಇನ್ನೊಬ್ಬರು ‘ಬ್ರೇಕಿಯಲ್ ವೇನ್ ಥ್ರಾಂಬೋಸಿಸ್’ ಎನ್ನುತ್ತಾರೆ. ಮತ್ತೊಬ್ಬರು ‘ಯುಇಡಿವಿಟಿ’ (ಕೈಯ ಡಿವಿಟಿಗೆ ಇಂಗ್ಲಿಷಿನ ಚುಟುಕು ಹೆಸರು) ಎಂದು ಐದಕ್ಷರ ಗೀಚುತ್ತಾರೆ. ಮೂರೂ ಒಂದೇ ಕಾಯಿಲೆ ಇರಬಹುದು. ವಿಮೆ ಕಂಪನಿಗೆ, ಸರ್ಕಾರದ ಲೆಕ್ಕಕ್ಕೆ, ಸಂಶೋಧನೆಗೆ ಅದು ಒಂದೇ ಎಂದು ಗೊತ್ತಾಗುವುದು ಕೋಡ್‌ನಿಂದ. ಅಮೆರಿಕದಲ್ಲಿ ಬಿಲ್ ಪಾವತಿಯೂ ಇದರ ಮೇಲೆಯೇ ನಿಂತಿದೆ.

ನಮ್ಮ ಆಸ್ಪತ್ರೆಯವರು ಹಾಕುವ ಕೋಡ್, ನೀವು ಹಾಕುವ ಕೋಡ್ ಒಂದೇನಾ?

ಬೇರು ಒಂದೇ, ಕೊಂಬೆ ಬೇರೆ. ಐಸಿಡಿ-10 ಎಂಬ ಕಾಯಿಲೆಗಳ ಕೋಡ್ ಪಟ್ಟಿ ಮೂಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯದ್ದು. ನಮ್ಮ ಕಡೆಯ ಆಸ್ಪತ್ರೆಗಳ ರೆಕಾರ್ಡ್ ವಿಭಾಗದಲ್ಲಿ ಬಳಸುವುದು ಸಾಮಾನ್ಯವಾಗಿ ಅದನ್ನೇ. ಅಮೆರಿಕದವರು ಅದನ್ನು ತಮಗೆ ಬೇಕಾದಂತೆ ಬೆಳೆಸಿ ಐಸಿಡಿ-10-ಸಿಎಂ ಮಾಡಿಕೊಂಡರು. ಅಲ್ಲಿ ಅದು 2015ರ ಅಕ್ಟೋಬರ್ 1ರಂದು ಜಾರಿಗೆ ಬಂತು.

ಕೈಯ ಡಿವಿಟಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕೈಯ ಒಂದೊಂದು ನಾಳಕ್ಕೂ ಬೇರೆ ಕೋಡ್ ಇಲ್ಲ. ‘ಬೇರೆ ನಿರ್ದಿಷ್ಟ ನಾಳಗಳಲ್ಲಿ ಹೆಪ್ಪು’ ಎಂಬ ದೊಡ್ಡ ಬುಟ್ಟಿ ಐ82.8. ಕೈಯದ್ದೂ ಅದರಲ್ಲೇ ಬೀಳುತ್ತದೆ. ಅಮೆರಿಕದ ಪಟ್ಟಿಯಲ್ಲಾದರೆ ಯಾವ ನಾಳ, ಎಡವೋ ಬಲವೋ, ಹೊಸತೋ ಹಳತೋ ಎಲ್ಲ ಕೋಡ್‌ನಲ್ಲೇ ಇರುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವುದು ಹೆಚ್ಚಾಗಿ ಅಮೆರಿಕದ ಪಟ್ಟಿಯ ಬಗ್ಗೆ.

ಅಮ್ಮನ ವಿಮೆ ಫಾರ್ಮಿನಲ್ಲಿ ಐಸಿಡಿ ಕೋಡ್ ಅಂತ ಒಂದು ಜಾಗ ಉಂಟು. ಅದನ್ನು ನಾವು ತುಂಬ್ಬೇಕಾ?

ಬೇಡ. ಕ್ಯಾಶ್‌ಲೆಸ್ ಚಿಕಿತ್ಸೆಗೆ ಒಪ್ಪಿಗೆ ಕೇಳುವ ಫಾರ್ಮಿನಲ್ಲಿ ಆ ಜಾಗ ಇರುತ್ತದೆ. ಅದನ್ನು ತುಂಬುವುದು ಚಿಕಿತ್ಸೆ ಕೊಡುವ ವೈದ್ಯರು ಅಥವಾ ಆಸ್ಪತ್ರೆಯ ವಿಮೆ ಕೌಂಟರಿನವರು. ನೀವು ನೋಡಬೇಕಾದದ್ದು ಒಂದೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ಕಾಯಿಲೆ ಮತ್ತು ಫಾರ್ಮಿನ ಕಾಯಿಲೆ ಒಂದೇ ಆಗಿದೆಯಾ? ಒಂದರಲ್ಲಿ ಕೈ, ಇನ್ನೊಂದರಲ್ಲಿ ಕಾಲು ಎಂದಿದ್ದರೆ ಮನೆಗೆ ಹೊರಡುವ ಮೊದಲೇ ಕೇಳಿ ತಿದ್ದಿಸಿ. ಹೀಗೆ ಆಗುವುದು ಉಂಟು. ಯಾಕೆ ಎಂಬುದು ಮುಂದಿನ ಪ್ರಶ್ನೆಯಲ್ಲಿದೆ.

ಚೀಟಿಯಲ್ಲಿ ಬರೀ ‘ಡಿವಿಟಿ’ ಅಂತ ಇದ್ರೆ ಸಾಕಲ್ವಾ?

ಸಾಲದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ.

ಬರೀ ‘ಡಿವಿಟಿ’ ಎಂದು ಬರೆದು ಯಾವ ಅಂಗ ಎಂದು ಹೇಳದಿದ್ದರೆ ಎರಡೂ ಪಟ್ಟಿಗಳು ಅದನ್ನು ಕಾಲು ಎಂದೇ ತಿಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಐ80.2ಕ್ಕೆ ಹೋಗುತ್ತದೆ, ಅದು ಕಾಲಿನ ಆಳದ ನಾಳ. ಅಮೆರಿಕದ ಪಟ್ಟಿಯಲ್ಲಿ ಐ82.40 ಗುಂಪಿಗೆ ಹೋಗುತ್ತದೆ, ಅದೂ ಕಾಲು. ಅಂದರೆ ಒಂದು ಪದ ಬಿಟ್ಟುಹೋದರೆ ರೋಗಿಯ ದಾಖಲೆಯಲ್ಲಿ ಹೆಪ್ಪು ಕೈಯಿಂದ ಕಾಲಿಗೆ ಇಳಿಯುತ್ತದೆ. ಮುಂದಿನ ವರ್ಷ ಬೇರೆ ಡಾಕ್ಟರು ಆ ದಾಖಲೆ ನೋಡುತ್ತಾರೆ. ಪಿಕ್ ಲೈನ್ ಯಾವ ಕೈಗೆ ಹಾಕಬೇಕು ಎಂದು ಯೋಚಿಸುವಾಗ ಆ ಕೈಯಲ್ಲಿ ಹಿಂದೆ ಹೆಪ್ಪು ಇತ್ತು ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಹೊಸಬರಿಗೆ ಹೇಳುವುದು: ‘ಡಿವಿಟಿ’ ಎಂಬ ಮೂರಕ್ಷರ ಕಂಡ ಕೂಡಲೇ ಕೋಡ್ ಪುಸ್ತಕ ತೆರೆಯಬೇಡಿ. ಇಡೀ ಕಡತ ಓದಿ. ಸ್ಕ್ಯಾನ್ ಕೈಗೆ ಮಾಡಿದ್ದಾ, ಊತ ಎಲ್ಲಿ ಎಂದು ಬರೆದಿದ್ದಾರೆ, ನೋಡಿ. ವೈದ್ಯರ ಬರಹದಲ್ಲಿ ಅಂಗ ಸಿಗದಿದ್ದರೆ ಕೇಳಿ.

## ನಾಳದ ಹೆಸರು, ಕೋಡ್‌ನ ಅಂಕಿ

ಕೈಯ ನಾಳಗಳ ಹೆಸರು ತಲೆಯಲ್ಲಿ ನಿಲ್ಲುವುದೇ ಇಲ್ಲ ಅಕ್ಕ. ಏನು ಮಾಡ್ಲಿ?

ಬಾಯಿಪಾಠ ಮಾಡಬೇಡಿ. ಬೆರಳಿನಿಂದ ಹೃದಯದ ಕಡೆಗೆ ನದಿಯ ಹಾಗೆ ಹರಿಸಿ ನೋಡಿ.

ಮುಂಗೈಯಲ್ಲಿ ರೇಡಿಯಲ್ ಮತ್ತು ಅಲ್ನಾರ್ ಎಂಬ ಆಳದ ನಾಳಗಳು. ಮೊಣಕೈ ಹತ್ತಿರ ಅವು ಸೇರಿ ಬ್ರೇಕಿಯಲ್. ಇದು ರಟ್ಟೆಯ ಆಳದ ನಾಳ. ಇನ್ನೊಂದು ಕಡೆ ಚರ್ಮದಡಿಯಲ್ಲಿ ಎರಡು ನಾಳಗಳು ಬರುತ್ತವೆ. ಹೆಬ್ಬೆರಳಿನ ಬದಿಯಿಂದ ಸೆಫಾಲಿಕ್, ಕಿರುಬೆರಳಿನ ಬದಿಯಿಂದ ಬೆಸಿಲಿಕ್. ಬೆಸಿಲಿಕ್ ಹೋಗಿ ಬ್ರೇಕಿಯಲ್ ಸೇರಿದ ಮೇಲೆ ಕಂಕುಳಲ್ಲಿ ಅದು ಆಕ್ಸಿಲರಿ. ಮೊದಲ ಪಕ್ಕೆಲುಬಿನ ಹೊರ ಅಂಚು ದಾಟಿದರೆ ಅದೇ ನಾಳ ಸಬ್‌ಕ್ಲೇವಿಯನ್. ಕುತ್ತಿಗೆಯಿಂದ ಇಳಿಯುವ ಇಂಟರ್ನಲ್ ಜುಗುಲರ್ ಬಂದು ಸೇರಿದರೆ ಬ್ರೇಕಿಯೋಸೆಫಾಲಿಕ್. ಎಡ ಬಲದ ಎರಡು ಬ್ರೇಕಿಯೋಸೆಫಾಲಿಕ್ ಸೇರಿದರೆ ಸುಪೀರಿಯರ್ ವೀನಾ ಕೇವಾ. ಅಲ್ಲಿಂದ ಹೃದಯ.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಸೇರಿದ ಮೇಲೂ ನೇತ್ರಾವತಿ ನೇತ್ರಾವತಿಯೇ. ಕೈಯಲ್ಲಿ ಹಾಗಲ್ಲ. ಸಂಗಮ ಆದ ಕೂಡಲೇ ಹೆಸರು ಬದಲು, ಗಡಿ ದಾಟಿದರೂ ಹೆಸರು ಬದಲು. ಹೆಸರು ಬದಲಾದರೆ ಕೋಡ್ ಬದಲಾಗುವುದೂ ಜಾಸ್ತಿ. ಇಷ್ಟು ಮನಸ್ಸಿನಲ್ಲಿದ್ದರೆ ಸಾಕು. ನಿಮ್ಮ ಕೈಯ ಮೇಲೆ ಪೆನ್ನಿನಿಂದ ಒಂದು ಸಲ ಗೀಟು ಎಳೆದು ನೋಡಿ, ಮರೆಯುವುದಿಲ್ಲ.

ಹಾಗಾದ್ರೆ ಕೈಯ ಡಿವಿಟಿಗೆ ಕೋಡ್ ಯಾವುದು, ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಐ82.62. ಅದು ಬ್ರೇಕಿಯಲ್, ರೇಡಿಯಲ್, ಅಲ್ನಾರ್ ನಾಳಗಳ ಹೊಸ ಹೆಪ್ಪಿಗೆ. ಬಲಗೈ ಆದರೆ ಐ82.621, ಎಡಗೈ ಐ82.622, ಎರಡೂ ಕೈ ಐ82.623, ಯಾವ ಕೈ ಎಂದು ಗೊತ್ತಿಲ್ಲದಿದ್ದರೆ ಐ82.629.

ಕಂಕುಳಿನ ಆಕ್ಸಿಲರಿ ಇದರಲ್ಲಿ ಇಲ್ಲ. ಅದಕ್ಕೆ ಐ82.ಎ1. ಸಬ್‌ಕ್ಲೇವಿಯನ್‌ಗೆ ಐ82.ಬಿ1. ಇಂಟರ್ನಲ್ ಜುಗುಲರ್‌ಗೆ ಐ82.ಸಿ1. ಇವುಗಳಿಗೂ ಕೊನೆಯಲ್ಲಿ ಬಲಕ್ಕೆ 1, ಎಡಕ್ಕೆ 2, ಎರಡಕ್ಕೂ 3, ಗೊತ್ತಿಲ್ಲದಿದ್ದರೆ 9. ಇನ್ನೂ ಒಳಗೆ ಹೋಗಿ ಬ್ರೇಕಿಯೋಸೆಫಾಲಿಕ್ ಆದರೆ ಐ82.290, ಸುಪೀರಿಯರ್ ವೀನಾ ಕೇವಾ ಆದರೆ ಐ82.210. ಈ ಎರಡರಲ್ಲಿ ಎಡ ಬಲದ ಅಂಕಿ ಇಲ್ಲ.

ನಾನು ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ಬಲ ಆಕ್ಸಿಲರಿಯ ಹೆಪ್ಪಿಗೆ ಐ82.621 ಹಾಕಿದ್ದೆ. ಆಕ್ಸಿಲರಿ ಆಳದ ನಾಳವೇ, ಕೈಯದ್ದೇ, ಹಾಗಾಗಿ ಸರಿ ಎಂದುಕೊಂಡಿದ್ದೆ. ಆಡಿಟ್‌ನಲ್ಲಿ ವಾಪಸ್ ಬಂತು. ವೈದ್ಯರ ಲೆಕ್ಕದಲ್ಲಿ ಆಕ್ಸಿಲರಿ, ಸಬ್‌ಕ್ಲೇವಿಯನ್ ಎಲ್ಲ ‘ಕೈಯ ಡಿವಿಟಿ’ಯೇ. ಪಟ್ಟಿ ಮಾತ್ರ ಅವಕ್ಕೆ ಬೇರೆ ಮನೆ ಕೊಟ್ಟಿದೆ.

ಬೆಸಿಲಿಕ್ ವೇನ್ ರಟ್ಟೆಯಲ್ಲಿ ಆಳದಲ್ಲೇ ಹೋಗ್ತದಲ್ಲ, ಅದು ಡಿವಿಟಿ ಯಾಕಲ್ಲ?

ಒಳ್ಳೆ ಪ್ರಶ್ನೆ. ರಟ್ಟೆಯ ಮಧ್ಯದಲ್ಲಿ ಬೆಸಿಲಿಕ್ ಪೊರೆ ತೂರಿ ಒಳಗೆ ಇಳಿಯುವುದು ನಿಜ. ಆದರೂ ಅದನ್ನು ಚರ್ಮದಡಿಯ ನಾಳ ಎಂದೇ ಎಣಿಸುತ್ತಾರೆ. ಬೆಸಿಲಿಕ್, ಸೆಫಾಲಿಕ್, ಮೊಣಕೈ ಮಡಿಕೆಯ ಆಂಟಿಕ್ಯುಬಿಟಲ್ ಮೂರಕ್ಕೂ ಐ82.61. ಬಲಕ್ಕೆ ಐ82.611.

ಪಿಕ್ ಲೈನ್ ಹಾಕುವುದು ಹೆಚ್ಚಾಗಿ ಬೆಸಿಲಿಕ್ ಮೂಲಕವೇ. ಹಾಗಾಗಿ ಸ್ಕ್ಯಾನ್ ವರದಿಯಲ್ಲಿ ಈ ಹೆಸರು ಪದೇ ಪದೇ ಬರುತ್ತದೆ. ಅದೊಂದೇ ಇದ್ದರೆ ಡಿವಿಟಿ ಕೋಡ್ ಹಾಕಬೇಡಿ. ಕೆಲವೊಮ್ಮೆ ವೈದ್ಯರು ‘ಬಲಗೈ ಡಿವಿಟಿ’ ಎಂದು ಬರೆದಿರುತ್ತಾರೆ, ಸ್ಕ್ಯಾನ್‌ನಲ್ಲಿ ಬೆಸಿಲಿಕ್ ಮಾತ್ರ ಇರುತ್ತದೆ. ಎರಡೂ ಹೊಂದುವುದಿಲ್ಲ. ಅಂಥದ್ದನ್ನು ನಾವು ನಿರ್ಧರಿಸಬಾರದು, ವೈದ್ಯರನ್ನೇ ಕೇಳಬೇಕು.

ಐ82.721, ಐ82.ಎ21. ಎರಡರಲ್ಲೂ 2 ಉಂಟು. ಒಂದೇ ಅರ್ಥನಾ?

ಅಲ್ಲ. ಪರೀಕ್ಷೆಗೆ ಓದುವವರು ಇಲ್ಲಿಯೇ ಜಾರುತ್ತಾರೆ.

ಕೈಯ ಗುಂಪಿನಲ್ಲಿ ಹೊಸತೋ ಹಳತೋ ಎಂದು ಹೇಳುವುದು ಚುಕ್ಕಿಯ ನಂತರದ ಮೊದಲ ಅಂಕಿ. 6 ಆದರೆ ಹೊಸತು, 7 ಆದರೆ ಹಳೆಯದು. ಎರಡನೇ ಅಂಕಿ ಆಳವೋ ಮೇಲೋ ಎಂದು ಹೇಳುತ್ತದೆ. ಹಾಗಾಗಿ ಐ82.721 ಅಂದರೆ ಹಳೆಯ ಹೆಪ್ಪು, ಆಳದ ನಾಳ, ಬಲಗೈ.

ಎ, ಬಿ, ಸಿ ಗುಂಪಿನಲ್ಲಿ ನಾಳದ ಹೆಸರನ್ನು ಅಕ್ಷರವೇ ಹೇಳಿಬಿಡುತ್ತದೆ. ಆದ್ದರಿಂದ ಹೊಸತು ಹಳತು ಎರಡನೇ ಜಾಗಕ್ಕೆ ಬಂದಿದೆ. 1 ಹೊಸತು, 2 ಹಳತು. ಐ82.ಎ21 ಅಂದರೆ ಆಕ್ಸಿಲರಿ, ಹಳೆಯದು, ಬಲ.

ಬರೀ ‘ಕೈಯಲ್ಲಿ ಹೆಪ್ಪು’ ಅಂತ ಇದೆ, ನಾಳದ ಹೆಸರೇ ಇಲ್ಲ.

ಐ82.60 ಇದಕ್ಕಾಗಿಯೇ ಇದೆ. ‘ಆಳದ ನಾಳ’ ಎಂದು ಬರೆದು ಹೆಸರು ಬಿಟ್ಟಿದ್ದರೆ ಐ82.62 ಹಾಕಬಹುದು. ಆದರೂ ಸ್ಕ್ಯಾನ್ ಮಾಡಿದ್ದರೆ ನಾಳದ ಹೆಸರು ಕಡತದಲ್ಲಿ ಎಲ್ಲೋ ಇದ್ದೇ ಇರುತ್ತದೆ.

ನಾಳ ಪೂರ್ತಿ ಮುಚ್ಚಿದ್ರೆ ಬೇರೆ ಕೋಡ್, ಅರ್ಧ ಮುಚ್ಚಿದ್ರೆ ಬೇರೆನಾ?

ಇಲ್ಲ. ಎರಡಕ್ಕೂ ಒಂದೇ.

## ಕಡತ ಓದುವಾಗ

ಹೊಸ ಹೆಪ್ಪು, ಹಳೆ ಹೆಪ್ಪು ಅಂತ ನಾವು ಹೇಗೆ ತೀರ್ಮಾನಿಸುವುದು? ಎಷ್ಟು ದಿನ ಆದ್ರೆ ಹಳೆಯದು?

ದಿನದ ಲೆಕ್ಕ ಕೋಡಿಂಗ್ ನಿಯಮದಲ್ಲಿ ಇಲ್ಲ. ಮೂರು ತಿಂಗಳಾಯಿತು, ಇನ್ನು ಇದು ಹಳೆಯದು ಎಂದು ನಾವೇ ಬದಲಿಸುವ ಹಾಗಿಲ್ಲ. ವೈದ್ಯರು ‘ಕ್ರಾನಿಕ್’ ಎಂದು ಬರೆದರೆ ಹಳೆಯದು. ‘ಅಕ್ಯೂಟ್’ ಎಂದರೆ ಹೊಸತು. ಏನೂ ಬರೆಯದಿದ್ದರೆ ಪಟ್ಟಿಯ ಸೂಚಿ ಅದನ್ನು ಹೊಸತು ಎಂದೇ ಹಿಡಿಯುತ್ತದೆ. ಅಲ್ಲಿ ‘ಅಕ್ಯೂಟ್’ ಎಂಬುದು ಆವರಣದೊಳಗೆ ಇದೆ. ಆ ಪದ ಕಡತದಲ್ಲಿ ಇದ್ದರೂ ಇಲ್ಲದಿದ್ದರೂ ಕೋಡ್ ಅದೇ.

ಆದರೆ ಆ ಸೌಲಭ್ಯ ಇದೆ ಎಂದು ಕಣ್ಣುಮುಚ್ಚಿ ಬಳಸಬಾರದು. ಆರು ತಿಂಗಳಿಂದ ಮಾತ್ರೆ ತಿನ್ನುತ್ತಿರುವ ರೋಗಿ ತಪಾಸಣೆಗೆ ಬಂದಿದ್ದಾರೆ, ಕಡತದಲ್ಲಿ ‘ಎಡಗೈ ಡಿವಿಟಿ’ ಎಂದಷ್ಟೇ ಇದೆ. ಸುಮ್ನೆ ಹೊಸ ಹೆಪ್ಪಿನ ಕೋಡ್ ಹಾಕಿದರೆ ಆ ರೋಗಿಗೆ ಮತ್ತೊಮ್ಮೆ ಹೆಪ್ಪುಗಟ್ಟಿತು ಎಂದು ದಾಖಲೆ ಹೇಳುತ್ತದೆ. ಅಲ್ಲಿ ವೈದ್ಯರಿಗೆ ಪ್ರಶ್ನೆ ಕಳಿಸುವುದೇ ಸರಿ.

‘ಹಿಸ್ಟರಿ ಆಫ್ ಡಿವಿಟಿ’ ಅಂತ ಬರೆದು, ರಕ್ತ ತೆಳು ಮಾಡುವ ಮಾತ್ರೆಯನ್ನೂ ಕೊಟ್ಟಿದ್ದಾರೆ. ಕಾಯಿಲೆ ಉಂಟಾ, ಹೋಗಿದೆಯಾ?

ಮಾತ್ರೆ ಇದೆ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಹೆಪ್ಪು ಕರಗಿ ಹೋಗಿದೆ, ಮತ್ತೆ ಬಾರದಿರಲಿ ಎಂದು ಮಾತ್ರೆ ಮುಂದುವರಿಸಿದ್ದಾರೆ ಎಂದಾದರೆ ಝಡ್86.718, ಜೊತೆಗೆ ಮಾತ್ರೆಗೆ ಝಡ್79.01. ಹೆಪ್ಪು ಇನ್ನೂ ಇದೆ, ಹಳೆಯದಾಗಿದೆ, ಅದಕ್ಕೇ ಚಿಕಿತ್ಸೆ ನಡೆಯುತ್ತಿದೆ ಎಂದಾದರೆ ಐ82.72 ಗುಂಪು ಅಥವಾ ಆ ನಾಳದ ಹಳೆ ಕೋಡ್, ಜೊತೆಗೆ ಅದೇ ಝಡ್79.01.

ತೊಂದರೆ ಏನೆಂದರೆ, ಕೆಲವು ವೈದ್ಯರು ಈಗ ಇರುವ ಕಾಯಿಲೆಗೂ ‘ಹಿಸ್ಟರಿ ಆಫ್’ ಎಂದು ಬರೆಯುತ್ತಾರೆ. ನಮ್ಮ ಭಾಷೆಯಲ್ಲಿ ‘ಅವರಿಗೆ ಶುಗರ್ ಇತ್ತಲ್ಲ’ ಎಂದು ಹೇಳಿದ ಹಾಗೆ. ಶುಗರ್ ಈಗಲೂ ಇರುತ್ತದೆ. ಕೈಯ ಹೆಪ್ಪಿಗೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಎರಡನೇ ತಿಂಗಳಲ್ಲೇ ‘ಹಿಸ್ಟರಿ’ ಎಂದು ಕಂಡರೆ ಅನುಮಾನ ಬರಬೇಕು.

ಇನ್ನೊಂದು. ವಾರ್ಫರಿನ್, ಅಪಿಕ್ಸಬ್ಯಾನ್, ರಿವರಾಕ್ಸಬ್ಯಾನ್‌ನಂಥವು ಝಡ್79.01ಕ್ಕೆ ಬರುತ್ತವೆ. ಆಸ್ಪಿರಿನ್ ಬರುವುದಿಲ್ಲ, ಅದಕ್ಕೆ ಝಡ್79.82. ಕ್ಲೊಪಿಡೋಗ್ರೆಲ್‌ಗೆ ಝಡ್79.02.

‘ಡಿವಿಟಿ ಇರಬಹುದು’ ಅಂತ ಬರೆದಿದ್ರೆ ಕೋಡ್ ಹಾಕ್ಬಹುದಾ?

ರೋಗಿ ಅಡ್ಮಿಟ್ ಆಗಿದ್ದರಾ, ಬರೀ ತೋರಿಸಿಕೊಂಡು ಹೋದರಾ ಎಂಬುದರ ಮೇಲೆ ನಿಂತಿದೆ. ಅಮೆರಿಕದ ನಿಯಮದಲ್ಲಿ, ಅಡ್ಮಿಟ್ ಆದ ರೋಗಿ ಮನೆಗೆ ಹೋಗುವ ಹೊತ್ತಿಗೂ ‘ಇರಬಹುದು’, ‘ಸಂಭವ ಇದೆ’ ಎಂದೇ ಉಳಿದಿದ್ದರೆ ಕಾಯಿಲೆ ಇದೆ ಎಂಬಂತೆಯೇ ಕೋಡ್ ಹಾಕುತ್ತೇವೆ. ಹೊರರೋಗಿ ವಿಭಾಗದಲ್ಲಿ ಹಾಗೆ ಮಾಡುವ ಹಾಗಿಲ್ಲ. ಅಲ್ಲಿ ಲಕ್ಷಣ ಮಾತ್ರ. ಕೈ ಊದಿದ್ದರೆ ಎಂ79.89, ಬಲಗೈ ನೋವಿದ್ದರೆ ಎಂ79.601, ಎಡಗೈ ಆದರೆ ಎಂ79.602.

ಸ್ಕ್ಯಾನ್ ರಿಪೋರ್ಟಿನಲ್ಲಿ ಹೆಪ್ಪು ಸ್ಪಷ್ಟ ಇದೆ, ಆದರೆ ವಾರ್ಡಿನ ಡಾಕ್ಟರು ಬರೆದೇ ಇಲ್ಲ. ಹಾಕಿ ಬಿಡ್ಲಾ?

ಅಡ್ಮಿಟ್ ಆದ ರೋಗಿಗೆ ಹಾಕಬೇಡಿ. ಸ್ಕ್ಯಾನ್ ಓದಿದ ವೈದ್ಯರು ಚಿತ್ರ ನೋಡಿದ್ದಾರೆ, ರೋಗಿಯ ಹೊಣೆ ಹೊತ್ತವರು ಬೇರೆ. ಅವರು ಒಪ್ಪಿ ಬರೆಯಬೇಕು. ಅವರು ‘ಬಲಗೈಯ ಆಳದ ನಾಳದಲ್ಲಿ ಹೆಪ್ಪು’ ಎಂದು ಬರೆದ ಮೇಲೆ, ಯಾವ ನಾಳ ಎಂಬ ವಿವರಕ್ಕೆ ಸ್ಕ್ಯಾನ್ ವರದಿ ನೋಡಬಹುದು. ಹೊರರೋಗಿಗೆ ನಿಯಮ ಸಡಿಲ. ರೇಡಿಯಾಲಜಿಸ್ಟ್ ಕೂಡ ವೈದ್ಯರೇ, ಅವರು ವರದಿಯಲ್ಲಿ ಖಚಿತವಾಗಿ ಹೇಳಿದ ಕಾಯಿಲೆಗೆ ಅಲ್ಲಿ ಕೋಡ್ ಹಾಕಬಹುದು.

ಎಡವೋ ಬಲವೋ ಎಂಬುದನ್ನು ವೈದ್ಯರು ಬರೆಯದಿದ್ದರೆ ನರ್ಸ್‌ನಂಥ ಬೇರೆ ಆರೈಕೆದಾರರ ಬರಹದಿಂದ ತೆಗೆದುಕೊಳ್ಳಬಹುದು. ಎರಡು ಕಡೆ ಎರಡು ಥರ ಇದ್ದರೆ ಮಾತ್ರ ವೈದ್ಯರನ್ನು ಕೇಳಲೇಬೇಕು.

ಡಾಕ್ಟರಿಗೆ ಪ್ರಶ್ನೆ ಕಳಿಸಲು ಹೆದರಿಕೆ ಆಗ್ತದೆ. ಹೇಗೆ ಕೇಳುವುದು?

ಹೆದರಬೇಡಿ. ಎಷ್ಟೋ ಸಲ ಅವರು ಕೂಡಲೇ ಉತ್ತರಿಸುತ್ತಾರೆ. ಉತ್ತರ ನಾವೇ ಹೇಳಿಕೊಡುವ ಹಾಗೆ ಮಾತ್ರ ಕೇಳಬಾರದು. ‘ಇದು ಹೊಸ ಆಕ್ಸಿಲರಿ ಹೆಪ್ಪು ಅಲ್ವಾ, ಬರೆದುಕೊಡಿ’ ಎಂದರೆ ತಪ್ಪು. ಹಣ ಜಾಸ್ತಿ ಬರುತ್ತದೆ ಎಂಬ ಮಾತಂತೂ ಅದರಲ್ಲಿ ಸುಳಿಯಲೇಬಾರದು.

ನಾನು ಹೀಗೆ ಕೇಳುತ್ತೇನೆ: ‘ಈ ದಿನಾಂಕದ ಡಾಪ್ಲರ್‌ನಲ್ಲಿ ಬಲ ಆಕ್ಸಿಲರಿ ನಾಳದಲ್ಲಿ ಹೆಪ್ಪು ಎಂದಿದೆ. ಹೆಪಾರಿನ್ ಶುರು ಮಾಡಿದ್ದೀರಿ. ಇದಕ್ಕೆ ಸಂಬಂಧಿಸಿದ ಕಾಯಿಲೆಯನ್ನು ದಯವಿಟ್ಟು ಬರೆಯಿರಿ. ಹೊಸತು, ಹಳೆಯದು, ಹಳೆಯದರ ಮೇಲೆ ಹೊಸತು, ಬೇರೆ ಏನಾದರೂ, ಅಥವಾ ಹೇಳಲು ಆಗುವುದಿಲ್ಲ.’ (ಡಾಪ್ಲರ್ ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್, ಹೆಪಾರಿನ್ ಅಂದರೆ ರಕ್ತ ತೆಳು ಮಾಡುವ ಔಷಧ.) ಕಡತದಲ್ಲಿರುವ ಸಂಗತಿ ಮೊದಲು, ಆಯ್ಕೆಗಳು ಆಮೇಲೆ. ತೀರ್ಮಾನ ಅವರದ್ದು.

## ಗೋಜಲು ಕಡತಗಳು

ಒಂದೇ ಕೈಯಲ್ಲಿ ಮೂರು ನಾಳಕ್ಕೆ ಹೆಪ್ಪು ಹಬ್ಬಿದೆ. ಒಂದು ಕೋಡ್ ಸಾಕಾ?

ನಾಳಗಳ ಕೋಡ್ ಬೇರೆ ಬೇರೆ ಆದರೆ ಎಲ್ಲವನ್ನೂ ಹಾಕಬೇಕು. ಬಲಗೈಯ ಬ್ರೇಕಿಯಲ್, ಆಕ್ಸಿಲರಿ, ಸಬ್‌ಕ್ಲೇವಿಯನ್ ಆದರೆ ಐ82.621, ಐ82.ಎ11, ಐ82.ಬಿ11. ಬ್ರೇಕಿಯಲ್ ಮತ್ತು ರೇಡಿಯಲ್ ಆದರೆ ಎರಡೂ ಐ82.621ರ ಒಳಗೇ ಬರುತ್ತವೆ, ಒಂದೇ ಸಲ ಹಾಕಬೇಕು. ಒಂದೇ ಕೋಡನ್ನು ಎರಡು ಸಲ ಬರೆಯುವ ಹಾಗಿಲ್ಲ.

ಪಿಕ್ ಲೈನ್‌ನಿಂದಲೇ ಹೆಪ್ಪು ಆದದ್ದು ಅಂದ್ರೆ?

ವೈದ್ಯರು ಹಾಗೆ ಬರೆದಿದ್ದರೆ ಮೊದಲು ತೊಡಕಿನ ಕೋಡ್ ಟಿ82.868ಎ, ಆಮೇಲೆ ಯಾವ ನಾಳ ಎಂದು ಹೇಳುವ ಐ82 ಕೋಡ್. ಕೊನೆಯ ‘ಎ’ ಅಂದರೆ ಈಗ ಅದಕ್ಕೆ ನೇರ ಚಿಕಿತ್ಸೆ ನಡೆಯುತ್ತಿದೆ ಎಂದು. ಗುಣವಾಗುತ್ತಾ ತಪಾಸಣೆಗೆ ಬಂದಾಗ ಅದು ‘ಡಿ’ ಆಗುತ್ತದೆ.

ಲೈನ್ ಇತ್ತು, ಹೆಪ್ಪೂ ಇತ್ತು ಎಂಬುದಷ್ಟೇ ಸಾಲದು. ಇದರಿಂದ ಅದು ಎಂಬ ಸಂಬಂಧವನ್ನು ವೈದ್ಯರು ಬರೆಯಬೇಕು. ‘ಪಿಕ್ ಲೈನ್ ಸಂಬಂಧಿತ’ ಎಂಬ ಮೂರು ಪದ ಇದ್ದರೆ ಕೆಲಸ ಆಯಿತು.

ಸಾಮಾನ್ಯ ಡ್ರಿಪ್ಸ್ ಸೂಜಿಯಿಂದ ಕೈಯ ನಾಳ ಕೆಂಪಾಗಿ, ಬಾವು ಬಂದು ಗಟ್ಟಿಯಾಗುವುದು ಬೇರೆ ಸಂಗತಿ. ಅದಕ್ಕೆ ಟಿ80.1 ಗುಂಪು, ಜೊತೆಗೆ ಐ80.8. ಬಾವು ಇರುವುದು ಐ80, ಬರೀ ಹೆಪ್ಪು ಐ82. ಎರಡನ್ನೂ ಬೆರೆಸಬೇಡಿ.

ಅಡ್ಮಿಟ್ ಆದ ರೋಗಿಯಾದರೆ ಇನ್ನೊಂದು ಗುರುತೂ ಬೇಕು. ಆಸ್ಪತ್ರೆಗೆ ಬರುವಾಗಲೇ ಹೆಪ್ಪು ಇತ್ತಾ, ಬಂದ ಮೇಲೆ ಆಯಿತಾ ಎಂಬ ಗುರುತು. ಇತ್ತು ಎಂದಾದರೆ ‘ವೈ’, ಇಲ್ಲ ಎಂದಾದರೆ ‘ಎನ್’. ಕಡತದಿಂದ ತಿಳಿಯದಿದ್ದರೆ ‘ಯು’, ವೈದ್ಯರಿಗೇ ಹೇಳಲಾಗದಿದ್ದರೆ ‘ಡಬ್ಲ್ಯು’. ಆಸ್ಪತ್ರೆಯ ಗುಣಮಟ್ಟ ಅಳೆಯುವವರು ಇದನ್ನು ನೋಡುತ್ತಾರೆ. ಹಾಗಾಗಿ ಇಲ್ಲಿ ‘ಎನ್’ ಹಾಕಬೇಕಾದಾಗ ಕೈ ಹಿಂಜರಿಯುತ್ತದೆ. ನಿಜ ಏನೋ ಅದನ್ನೇ ಹಾಕಿ.

ಜಿಮ್‌ಗೆ ಹೋಗುವ ಹುಡುಗನಿಗೆ ಹೀಗಾದದ್ದು ಹೇಗೆ? ಅದಕ್ಕೆ ಬೇರೆ ಕೋಡ್ ಉಂಟಾ?

ಮೇಲೆ ಹೇಳಿದ ಆ ಇನ್ನೊಂದು ಬಗೆ ಇದು. ಕೈಯನ್ನು ತಲೆಯ ಮೇಲೆ ಎತ್ತಿ ಮತ್ತೆ ಮತ್ತೆ ಶ್ರಮ ಹಾಕುವವರಲ್ಲಿ ಸಬ್‌ಕ್ಲೇವಿಯನ್ ನಾಳ ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ಸಿಕ್ಕಿ ಹಿಸುಕುತ್ತದೆ. ಹಿಸುಕಿ ಹಿಸುಕಿ ಗಾಯವಾಗಿ ಒಂದು ದಿನ ಹೆಪ್ಪುಗಟ್ಟುತ್ತದೆ. ಭಾರ ಎತ್ತುವವರು, ಈಜುವವರು, ವಾಲಿಬಾಲ್ ಆಡುವವರು ಈ ಸಾಲಿಗೆ ಸೇರುತ್ತಾರೆ. ನಮ್ಮ ಕಡೆ ಉದ್ದದ ದೋಟಿ ಹಿಡಿದು ದಿನವಿಡೀ ಅಡಿಕೆ ಕೊಯ್ಯುವವರ ಕೈಯ ಶ್ರಮವನ್ನು ನೆನೆಸಿಕೊಂಡರೆ ಆ ಚಲನೆ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಬಳಸುವ ಕೈ ಬಲವಾದ್ದರಿಂದ ಬಲಗಡೆಗೇ ಜಾಸ್ತಿ.

ಜೇಮ್ಸ್ ಪ್ಯಾಜೆಟ್ 1875ರಲ್ಲಿ, ಲಿಯೋಪೋಲ್ಡ್ ಫಾನ್ ಶ್ರೋಟರ್ 1884ರಲ್ಲಿ ಇದನ್ನು ವಿವರಿಸಿದರು. ಅವರಿಬ್ಬರ ಹೆಸರಿನಲ್ಲೇ ಇದನ್ನು ಪ್ಯಾಜೆಟ್-ಶ್ರೋಟರ್ ಸಿಂಡ್ರೋಮ್ ಎನ್ನುತ್ತಾರೆ. ‘ಎಫರ್ಟ್ ಥ್ರಾಂಬೋಸಿಸ್’ ಎಂದು ಬರೆಯುವ ವೈದ್ಯರೂ ಇದ್ದಾರೆ. ಕಡತದಲ್ಲಿ ನಾಳದ ಹೆಸರು ಸ್ಪಷ್ಟ ಇದ್ದರೆ ಆ ನಾಳದ ಕೋಡ್, ಬಲ ಸಬ್‌ಕ್ಲೇವಿಯನ್‌ಗೆ ಐ82.ಬಿ11. ‘ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್’ (ಕೊರಳೆಲುಬಿನ ಬಳಿ ನಾಳ, ನರಗಳು ಹಿಸುಕುವ ತೊಂದರೆ) ಎಂದೂ ಬರೆದಿದ್ದರೆ ಅದಕ್ಕೆ ಜಿ54.0.

ಗರ್ಭಿಣಿಗೆ ಕೈಯಲ್ಲಿ ಡಿವಿಟಿ ಆದ್ರೆ?

ಗರ್ಭಿಣಿಯ ಕಡತದಲ್ಲಿ ‘ಓ’ ಅಕ್ಷರದ ಕೋಡ್‌ಗೆ ಮೊದಲ ಸ್ಥಾನ. ಅದು ಸೊನ್ನೆ ಅಲ್ಲ, ಅಕ್ಷರ. ಓ22.3 ಗುಂಪಿನಲ್ಲಿ ಎಷ್ಟನೇ ತ್ರೈಮಾಸಿಕ ಎಂದು ಕೊನೆಯ ಅಂಕಿ ಹೇಳುತ್ತದೆ. ಅದರ ಜೊತೆಗೆ ಯಾವ ನಾಳ ಎಂದು ಹೇಳಲು ಐ82.62ರಂಥ ಕೋಡ್. ಹೆರಿಗೆಯ ನಂತರದ ಬಾಣಂತನದಲ್ಲಾದರೆ ಓ87.1. ರಕ್ತ ತೆಳು ಮಾಡುವ ಔಷಧ ತೆಗೆದುಕೊಳ್ಳುತ್ತಿದ್ದರೆ ಝಡ್79.01 ಕೂಡ ಸೇರುತ್ತದೆ.

ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆ. ಕೈಯ ಕೋಡ್ ಬಿಟ್ಟುಬಿಡಬಹುದಾ?

ಬಿಡಬಾರದು. ಶ್ವಾಸಕೋಶದ್ದಕ್ಕೆ ಐ26, ಕೈಯದ್ದಕ್ಕೆ ಐ82. ಎರಡೂ ಬೇಕು.

ಒಂದು ಪೂರ್ತಿ ಕಡತ ಬಿಡಿಸಿ ತೋರಿಸಿ ಅಕ್ಕ.

ತರಗತಿಗೆಂದು ನಾನೇ ಕಟ್ಟಿದ ಕಡತ ಇದು. ದೊಡ್ಡ ಕರುಳಿನ ಕ್ಯಾನ್ಸರ್ ಇರುವ ಹೆಂಗಸು. ಬಲಗೈಯಲ್ಲಿ ಪಿಕ್ ಲೈನ್, ಕೀಮೋ ನಡೆಯುತ್ತಿದೆ. ಮೂರು ದಿನದಿಂದ ಬಲಗೈ ಊದಿದೆ ಎಂದು ಬಂದರು. ಡಾಪ್ಲರ್‌ನಲ್ಲಿ ಬೆಸಿಲಿಕ್, ಬ್ರೇಕಿಯಲ್, ಆಕ್ಸಿಲರಿ ಮೂರರಲ್ಲೂ ಹೆಪ್ಪು. ವೈದ್ಯರು ಬರೆದದ್ದು: ‘ಪಿಕ್ ಲೈನ್ ಸಂಬಂಧಿತ, ಬಲಗೈಯ ಅಕ್ಯೂಟ್ ಡಿವಿಟಿ, ಬ್ರೇಕಿಯಲ್ ಮತ್ತು ಆಕ್ಸಿಲರಿ.’ ಲೈನ್ ತೆಗೆದು, ಹೆಪಾರಿನ್ ಕೊಟ್ಟು, ಅಪಿಕ್ಸಬ್ಯಾನ್ ಮಾತ್ರೆಯೊಂದಿಗೆ ಮನೆಗೆ ಕಳಿಸಿದರು.

ಅವರು ಅಡ್ಮಿಟ್ ಆದದ್ದು ಲೈನ್‌ನ ತೊಡಕಿಗಾಗಿ. ಆದ್ದರಿಂದ ಮೊದಲು ಟಿ82.868ಎ. ಆಮೇಲೆ ಬ್ರೇಕಿಯಲ್‌ಗೆ ಐ82.621, ಆಕ್ಸಿಲರಿಗೆ ಐ82.ಎ11. ಚಿಕಿತ್ಸೆ ನಡೆಯುತ್ತಿರುವ ಕರುಳಿನ ಕ್ಯಾನ್ಸರ್‌ಗೆ ಸಿ18.9, ಕರುಳಿನ ಯಾವ ಭಾಗ ಎಂದು ಬರೆದಿದ್ದರೆ ಅದರ ಕೋಡ್. ಊತಕ್ಕೆ ಬೇರೆ ಕೋಡ್ ಬೇಡ, ಅದು ಹೆಪ್ಪಿನ ಲಕ್ಷಣವೇ. ಊದಿಕೊಂಡೇ ಬಂದರು, ಹಾಗಾಗಿ ಗುರುತು ‘ವೈ’.

ಉಳಿದದ್ದು ಬೆಸಿಲಿಕ್. ಅದು ಸ್ಕ್ಯಾನ್ ವರದಿಯಲ್ಲಿದೆ, ವೈದ್ಯರ ಸಾಲಿನಲ್ಲಿ ಇಲ್ಲ. ಐ82.611 ಹಾಕಲು ಕೈ ತವಕಿಸುತ್ತದೆ. ನಾನು ಹಾಕುವುದಿಲ್ಲ. ಕಡತವನ್ನು ಬದಿಗಿಟ್ಟು ವೈದ್ಯರಿಗೆ ಒಂದು ಪ್ರಶ್ನೆ ಬರೆಯುತ್ತೇನೆ, ಉತ್ತರ ಬಂದ ಮೇಲೆ ಮುಗಿಸುತ್ತೇನೆ.